ಎರಡು ಮಳೆಗಾಲ ಕಂಡ ಸ್ಕೂಲ್ ಬ್ಯಾಗ್, ಈಗ ಹೇಗಿದೆ?

ಮಗಳು ಮೂರನೇ ಕ್ಲಾಸಿಗೆ ಹೋಗುವಾಗ ತೀರ್ಥಹಳ್ಳಿ ಪೇಟೆಯಲ್ಲಿ 1,100 ರೂಪಾಯಿ ಕೊಟ್ಟು ತಂದ ಬ್ಯಾಗ್ ಇದು. ಈಗ ಅವಳ ನಾಲ್ಕನೇ ಕ್ಲಾಸೂ ಮುಗಿಯುತ್ತ ಬಂತು. ಕಂಪನಿ ಹೆಸರು ಬೇಡ. ಈ ಬೆಲೆಯ ಪಾಲಿಯೆಸ್ಟರ್ ಬ್ಯಾಗುಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾತಿ.

ಹೊಲಿಗೆಗೆ ಪೂರ್ತಿ ಮಾರ್ಕ್ಸ್. ಹೆಗಲಿನ ಪಟ್ಟಿ ಬ್ಯಾಗಿಗೆ ಸೇರುವ ಕಡೆ ಚೌಕ ಹೊಲಿದು, ನಡುವೆ ಗುಣಿಸು ಗುರುತು ಹಾಕಿದ್ದಾರೆ. ಹಿಂದಿನ ಬ್ಯಾಗ್ ಅಲ್ಲೇ ಕಿತ್ತುಬಂದಿತ್ತು. ಇದರಲ್ಲಿ ಒಂದು ನೂಲೂ ಎದ್ದಿಲ್ಲ, ಅದೂ ಒಂದೇ ಪಟ್ಟಿ ಹಿಡಿದು ಎಳೆದಾಡುವ ನಮ್ಮ ಹುಡುಗಿಯ ಕೈಯಲ್ಲಿ! ಪಟ್ಟಿಯೊಳಗಿನ ಫೋಮ್ ಮಾತ್ರ ಹಪ್ಪಳವಾಗಿದೆ.

ಜಿಪ್ಪಿನದು ಬೇರೆ ಕಥೆ. ಎರಡನೇ ವರ್ಷ ದೊಡ್ಡ ಖಾನೆಯ ರನ್ನರ್ ಸಡಿಲಾಯಿತು. ಮುಂದಕ್ಕೆ ಎಳೆದಂತೆ ಹಿಂದೆ ಬಾಯಿ ಬಿಡುತ್ತಿತ್ತು. ಇಕ್ಕಳದಲ್ಲಿ ಅದುಮಿದರೆ ನಾಲ್ಕು ದಿನ ಸರಿ, ಆಮೇಲೆ ಮತ್ತೆ ಅದೇ ರಗಳೆ. ಬ್ಯಾಗ್ ರಿಪೇರಿಯವರು 'ಹಲ್ಲು ಗಟ್ಟಿ ಇದೆ ಮೇಡಂ, ಜಿಪ್ ಪೂರ್ತಿ ಯಾಕೆ ಬದಲಾಯಿಸ್ತೀರಿ' ಅಂತ ಬರೀ ರನ್ನರ್ ಹಾಕಿ 40 ರೂಪಾಯಿ ತಗೊಂಡರು. ಆಮೇಲೆ ತೊಂದರೆ ಇಲ್ಲ.

'ವಾಟರ್‌ಪ್ರೂಫ್' ಚೀಟಿಯನ್ನು ನಮ್ಮ ಕಡೆಯವರಂತೂ ನಂಬಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆಯ ತೂತು, ಜಿಪ್ಪಿನ ಸಂದಿಯಿಂದ ನೀರು ಒಳಗೆ ಬರುತ್ತದೆ. ಜುಲೈ ಮಳೆಗೆ ರೇನ್ ಕವರ್ ಬೇಕೇ ಬೇಕು. ಅದೂ ಬೆನ್ನಿನ ಕಡೆ ಮುಚ್ಚುವುದಿಲ್ಲವಾದ್ದರಿಂದ ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಇಡುತ್ತೇನೆ. ಈಚೆಗೆ ಒಳಗಿನ ಕೋಟಿಂಗ್ ಬೆಳ್ಳಗೆ ಪುಡಿಯಾಗಿ ಉದುರಿ ಪುಸ್ತಕದ ಬೈಂಡಿಗೆಲ್ಲ ಅಂಟುತ್ತಿದೆ.

ನನ್ನ ದೊಡ್ಡ ತಕರಾರು ತೂಕದ್ದು. ಖಾಲಿ ಬ್ಯಾಗೇ 750 ಗ್ರಾಂ! ರಾಜ್ಯ ಸರ್ಕಾರದ 2019ರ ಸುತ್ತೋಲೆಯಲ್ಲಿ 3ರಿಂದ 5ನೇ ತರಗತಿಗೆ 2ರಿಂದ 3 ಕೆ.ಜಿ. ಮಿತಿ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಮಗುವಿನ ತೂಕದ ಶೇ 10 ದಾಟಬಾರದು ಅನ್ನುತ್ತದೆ. ಮಗಳು 24 ಕೆ.ಜಿ., ಅಂದರೆ ಮಿತಿ 2.4 ಕೆ.ಜಿ. ಅದರಲ್ಲಿ ಖಾಲಿ ಬ್ಯಾಗು, ತುಂಬಿದ ನೀರಿನ ಬಾಟಲಿ, ಊಟದ ಡಬ್ಬಿ ಕಳೆದರೆ ಪುಸ್ತಕಕ್ಕೆ ಉಳಿಯುವುದು ಒಂದು ಕಿಲೋಗೂ ಕಮ್ಮಿ. ಅಂಗಡಿಯವರು ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಹೇಳುತ್ತಾರೆ, ಖಾಲಿ ತೂಕ ಕೇಳಿದರೆ ಮುಖ ಮುಖ ನೋಡುತ್ತಾರೆ. ಪಕ್ಕದ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಯೇ ತನ್ನಿ.

ಐದಕ್ಕೆ ಮೂರೂವರೆ ಕೊಡಬಹುದು. ಐದನೇ ಕ್ಲಾಸೂ ಇದರಲ್ಲೇ ತಳ್ಳೋಣ ಅಂತ ನನ್ನ ಲೆಕ್ಕ. ಮಗಳು ಇನ್ನೂ ಒಪ್ಪಿಲ್ಲ, ಅವಳಿಗೆ ಯುನಿಕಾರ್ನ್ ಚಿತ್ರ ಇರುವುದೇ ಬೇಕಂತೆ.