ಯೂರಿಯಾ ಕಾಕಂಬಿ ನೆಕ್ಕು ಇಟ್ಟಿಗೆ: ಎರಡು ವರ್ಷ ಬಳಸಿದ ಮೇಲೆ

ನಮ್ಮದು ಅರಸೀಕೆರೆ ಕಡೆ. ಎರಡು ಸೀಮೆ ಹಸು, ಹದಿನೆಂಟು ಕುರಿ. ಫೆಬ್ರವರಿ ಬಂತೆಂದರೆ ಹಸಿರು ಮುಗೀತು, ಮಳೆ ಹಿಡಿಯುವ ತನಕ ಮೆದೆಯ ರಾಗಿ ಹುಲ್ಲೇ ಗತಿ. ಒಣ ಹುಲ್ಲಲ್ಲಿ ಪ್ರೋಟೀನ್ ಎಷ್ಟಿರುತ್ತೆ ಹೇಳಿ, ನೂರಕ್ಕೆ ಮೂರೋ ನಾಲ್ಕೋ. ಕಡಲೆಕಾಯಿ ಹಿಂಡಿ ರೇಟು ಕೇಳಿದರೆ ಹಸುವನ್ನೇ ಮಾರೋಣ ಅನಿಸುತ್ತದೆ. ಅದಕ್ಕೇ ಯೂರಿಯಾ, ಕಾಕಂಬಿ (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಸಿಹಿ ಪಾಕ) ಸೇರಿಸಿ ಗಟ್ಟಿ ಮಾಡಿದ, ದನ ನೆಕ್ಕುವ ಈ 3 ಕೆಜಿ ಇಟ್ಟಿಗೆ ತಂದೆ.

ಮೊದಲ ತಿಂಗಳು ಹಾಲು ಒಂದು ಲೋಟವೂ ಏರಲಿಲ್ಲ. ಬದಲಾಗಿದ್ದು ಸಗಣಿ. ಮೊದಲು ಕಡ್ಡಿಯಲ್ಲಿ ಕೆದಕಿದರೆ ಹುಲ್ಲಿನ ಚೂರು ಹಾಗೇ ಕಾಣುತ್ತಿತ್ತು, ಈಗ ನಯ. ಗೊಂತಿನಲ್ಲಿ ಬಿಡುತ್ತಿದ್ದ ದಂಟೂ ಖಾಲಿ. ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಯೂರಿಯಾದಿಂದ ಸಾರಜನಕ, ಕಾಕಂಬಿಯಿಂದ ಶಕ್ತಿ ಸಿಕ್ಕರೆ ಅವು ಬೆಳೆದು ಹುಲ್ಲು ಕರಗಿಸುತ್ತವೆ, ಆಮೇಲೆ ಅವೇ ಹಸುವಿಗೆ ಪ್ರೋಟೀನ್ ಆಗುತ್ತವೆ. ಹಸಿರು ಮೇವು, ಹಿಂಡಿ ಎರಡೂ ಚೆನ್ನಾಗಿ ಹಾಕುವವರಿಗೆ ಇದು ಸುಮ್ನೆ ದುಡ್ಡು ದಂಡ.

ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಲೆಕ್ಕ ಹಾಕಿದರೆ 100 ಗ್ರಾಂ ಯೂರಿಯಾ 287 ಗ್ರಾಂ ಪ್ರೋಟೀನಿಗೆ ಸಮ. ಹಾಗಂತ ಗೊಬ್ಬರದ ಮೂಟೆಯಿಂದ ಒಂದು ಹಿಡಿ ತೆಗೆದು ಬೂಸಾಕ್ಕೆ ಹಾಕೀರಿ ಮತ್ತೆ! ಒಟ್ಟಿಗೆ ಜಾಸ್ತಿ ಹೊಟ್ಟೆಗೆ ಹೋದರೆ ಯೂರಿಯಾ ವಿಷ. ಇಟ್ಟಿಗೆ ಗಟ್ಟಿಯಾಗಿರುವುದೇ ಅದಕ್ಕೆ, ಹಸು ನಾಲಿಗೆಯಲ್ಲಿ ಸವೆಸಿ ಸವೆಸಿ ದಿನಕ್ಕೆ ಅರ್ಧ ಕೆಜಿ ಒಳಗೇ ತಿನ್ನುತ್ತದೆ. ಆರು ತಿಂಗಳ ಒಳಗಿನ ಕರುವಿಗೆ ಮಾತ್ರ ಬೇಡವೇ ಬೇಡ.

ಕುರಿ ವಿಷಯದಲ್ಲಿ ತಪ್ಪು ನನ್ನದೇ. ಕಳೆದ ಮಳೆಗಾಲ ದೊಡ್ಡಿಯ ಶೀಟು ಸೋರಿ ಇಟ್ಟಿಗೆ ರಾತ್ರಿಯೆಲ್ಲ ನೆನೆದು ತೊಟ್ಟಿಯಲ್ಲಿ ಕಂದು ನೀರು ನಿಂತಿತ್ತು. ಸಿಹಿ ಅಲ್ವಾ, ಆರು ಕುರಿ ಕುಡಿದವು. ಬೆಳಿಗ್ಗೆ ನೋಡಿದರೆ ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ, ಕಾಲು ನಡುಕ. ಡಾಕ್ಟರು ಫೋನಿನಲ್ಲೇ, ತಣ್ಣೀರಿಗೆ ವಿನೆಗರ್ ಬೆರೆಸಿ ಕುಡಿಸ್ತಾ ಇರಿ, ಬಂದೆ ಅಂದರು. ನಮ್ಮೂರಲ್ಲಿ ವಿನೆಗರ್ ಎಲ್ಲಿಂದ ಬರಬೇಕು? ಗೋಬಿ ಗಾಡಿ ಹುಡುಗನನ್ನು ಎಬ್ಬಿಸಿ ಎರಡು ಬಾಟಲಿ ತಂದೆ. ಐದು ಉಳಿದವು. ಹೋಗಿದ್ದು ಹಬ್ಬಕ್ಕೆ ಅಂತ ಬಿಟ್ಟಿದ್ದ ಟಗರು.

ಈ ಬೇಸಿಗೆಯ ಸರಕು ಬೇರೆ ಅಂಗಡಿಯದು. ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು, ಹಸು ನೆಕ್ಕುವ ಬದಲು ಕಚ್ಚಿ ತಿನ್ನೋಕೆ ಹೋಯಿತು. ಅಂಗಡಿಯವರು ಬಿಸಿಲಿಗೆ ಹಾಗಾಗುತ್ತೆ ಅಂದರು, ವಾಪಸ್ ತಗೊಳ್ಳಲಿಲ್ಲ. ಉಳಿದ ನಾಲ್ಕನ್ನೂ ಒಡೆದು ತೆಂಗಿನ ಬುಡಕ್ಕೆ ಹಾಕಿದೆ, ಹೇಗಿದ್ದರೂ ಯೂರಿಯಾ ತಾನೇ.