ಎಕ್ಸ್‌ಪೈರಿ ಡೇಟ್ ಇನ್ನೂ ಇತ್ತು, ಆದರೂ ಮಗಳ ಭುಜ ಸುಟ್ಟಿತು

2025ರ ಏಪ್ರಿಲ್‌ನಲ್ಲಿ ಮಡಿಕೇರಿಯಲ್ಲಿ ಕೊಡವ ಹಾಕಿ ಹಬ್ಬ ನಡೆಯಿತಲ್ಲ, ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳಿಗೆ ಒಂಬತ್ತು ವರ್ಷ. ನೆರಳಿನಲ್ಲಿ ಜಾಗ ಸಿಗಲಿಲ್ಲ. ಮುಖ, ಕತ್ತು, ತೋಳು, ಭುಜಕ್ಕೆಲ್ಲ ನಾನೇ ಸನ್‌ಸ್ಕ್ರೀನ್ ಹಚ್ಚಿದೆ. ಎಸ್‌ಪಿಎಫ್ 50 ಎಂದು ದೊಡ್ಡದಾಗಿ ಬರೆದಿದ್ದ ಟ್ಯೂಬ್. ಆ ಧೈರ್ಯದ ಮೇಲೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಬಿಸಿಲಲ್ಲೇ ಕೂತೆವು.

ಸಂಜೆ ಸ್ನಾನಕ್ಕೆ ಅಂಗಿ ಬಿಚ್ಚಿದಾಗ ನೋಡಿದೆ. ಭುಜ ಕೆಂಪಾಗಿತ್ತು. ಒಂದೇ ಸಮ ಕೆಂಪಲ್ಲ, ಪಟ್ಟೆ ಪಟ್ಟೆ. ನನ್ನ ಬೆರಳು ಹೋದ ದಾರಿ ಎಣಿಸಬಹುದಿತ್ತು. ಒಂದು ಗೆರೆ ಮಾಮೂಲಿ ಬಣ್ಣ, ಪಕ್ಕದ್ದು ಕೆಂಡ. ರಾತ್ರಿ ಹೊದಿಕೆ ತಾಗಿದರೂ ಅತ್ತಳು. ಬೆಳಗ್ಗೆ ಗುಳ್ಳೆಗಳು ಎದ್ದಿದ್ದವು. ಅತ್ತೆ ಪಾಪ, ಬೆಣ್ಣೆ ಹಿಡಿದು ಬಂದರು. "ಬೇಡ ಅತ್ತೆ, ಡಾಕ್ಟರ್ ನೋಡಲಿ" ಎಂದು ತಣ್ಣೀರಿನ ಬಟ್ಟೆ ಮಾತ್ರ ಹಾಕುತ್ತಾ ಕರೆದುಕೊಂಡು ಹೋದೆ. ಅದು ಸರಿಯಾಯಿತು. ಬಿಸಿಲಿಗೆ ಸುಟ್ಟ ಜಾಗಕ್ಕೆ ಬೆಣ್ಣೆ, ಎಣ್ಣೆ, ಟೂತ್‌ಪೇಸ್ಟ್ ಯಾವುದೂ ಹಚ್ಚಬಾರದಂತೆ, ಗುಳ್ಳೆ ಒಡೆಯಲೂ ಬಾರದಂತೆ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ "ಟ್ಯೂಬ್ ಎಲ್ಲಿ?" ಬ್ಯಾಗಿನಲ್ಲೇ ಇತ್ತು, ಕೊಟ್ಟೆ. "ಡೇಟ್ ಇನ್ನೂ ಆಗಸ್ಟ್‌ವರೆಗೆ ಇದೆ ಡಾಕ್ಟ್ರೇ" ಎಂದೆ. ಅವರು ಹಿಂಬದಿ ತಿರುಗಿಸಿ ಒಂದು ಪುಟ್ಟ ಚಿತ್ರ ತೋರಿಸಿದರು. ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ 12 ಎಂ. ಮುಚ್ಚಳ ತೆರೆದ ದಿನದಿಂದ ಹನ್ನೆರಡು ತಿಂಗಳೊಳಗೆ ಮುಗಿಸಿ ಎಂದು ಅರ್ಥ. ಎಷ್ಟೋ ವರ್ಷದಿಂದ ಇಂಥ ಡಬ್ಬಿ, ಟ್ಯೂಬ್ ತರುತ್ತಿದ್ದೇನೆ. ಆ ಚಿತ್ರವನ್ನು ಒಂದು ದಿನವೂ ಗಮನಿಸಿರಲಿಲ್ಲ. ಟ್ಯೂಬ್ ತಂದಿದ್ದು 2023ರ ಆಗಸ್ಟ್‌ನಲ್ಲಿ, ಅದೇ ವಾರ ತೆರೆದಿದ್ದೆ. ಅಂದರೆ ಇಪ್ಪತ್ತು ತಿಂಗಳು.

"ಇಷ್ಟು ದಿನ ಎಲ್ಲಿಟ್ಟಿದ್ರಿ?" ಇದು ಅವರ ಎರಡನೇ ಪ್ರಶ್ನೆ. ಉತ್ತರ ಹೇಳುತ್ತಾ ಹೇಳುತ್ತಾ ನನಗೇ ಎದೆ ಧಸಕ್ಕೆಂದಿತು.

ನಮ್ಮ ಕಡೆ ಮಳೆಗಾಲ ಹೇಗೆ ಅಂತ ನಿಮಗೆ ಗೊತ್ತು. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಕೆಡಬಾರದು ಎಂದು ಏನೇ ಇದ್ದರೂ ಒಲೆಯ ಹತ್ತಿರ ಇಡುವುದು ಮನೆಯ ಅಭ್ಯಾಸ. ಹಾಗೆ ಈ ಟ್ಯೂಬ್ ಎರಡು ಮಳೆಗಾಲ ಬಚ್ಚಲುಮನೆಯಲ್ಲಿ, ಹಂಡೆ ಒಲೆಯ ಮೇಲಿನ ಹಲಗೆಯಲ್ಲಿ ಕಳೆದಿತ್ತು. ದಿನಾ ಬಿಸಿ, ದಿನಾ ಹಬೆ. ಜನವರಿ ಬಂದರೆ ರೋಬಸ್ಟಾ ಕೊಯ್ಲು. ಆಗ ಅದು ಜೀಪಿನ ಡ್ಯಾಶ್‌ಬೋರ್ಡ್ ಮೇಲೆ. ಕಾಫಿ ಒಣಗಿಸುವ ಕಣದ ಪಕ್ಕ ಜೀಪು ಇಡೀ ದಿನ ಬಿಸಿಲಲ್ಲಿ ನಿಂತಿರುತ್ತದೆ. ಹೊರಗೆ 30 ಡಿಗ್ರಿ ಇದ್ದರೆ, ಗಾಜು ಮುಚ್ಚಿದ ಗಾಡಿಯ ಒಳಗೆ ಒಂದು ಗಂಟೆಯಲ್ಲಿ 45 ಡಿಗ್ರಿ ದಾಟುತ್ತದೆ. ಡ್ಯಾಶ್‌ಬೋರ್ಡ್ ಇನ್ನೂ ಕಾದಿರುತ್ತದೆ. ಟ್ಯೂಬ್ ಮೇಲೆ ಬರೆದಿದ್ದು 30 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಇಡಿ ಎಂದು. ಎಕ್ಸ್‌ಪೈರಿ ತಾರೀಖು ಲೆಕ್ಕಕ್ಕೆ ಬರುವುದು ಹಾಗೆ ಇಟ್ಟರೆ ಮಾತ್ರ.

ಸನ್‌ಸ್ಕ್ರೀನ್ ಅಂದರೆ ನೀರು, ಎಣ್ಣೆ ಮತ್ತು ಬಿಸಿಲು ತಡೆಯುವ ಪದಾರ್ಥ ಒಂದಕ್ಕೊಂದು ಬೆರೆತು ನಿಂತಿರುವ ವಸ್ತು. ಮಜ್ಜಿಗೆ ಹುಳಿ ಜಾಸ್ತಿ ಕುದಿಸಿದರೆ ಒಡೆಯುತ್ತದೆ ಅಲ್ವಾ? ಆಮೇಲೆ ಎಷ್ಟು ತಿರುವಿದರೂ ಮೊದಲಿನ ಹಾಗೆ ಕೂಡುವುದಿಲ್ಲ. ಇದೂ ಹಾಗೆ. ಒಡೆದ ಮೇಲೆ ತಡೆಯುವ ಪದಾರ್ಥ ಒಂದು ಕಡೆ ಗುಡ್ಡೆಯಾಗುತ್ತದೆ, ಇನ್ನೊಂದು ಕಡೆ ಬರೀ ನೀರು. ಮಗಳ ಭುಜದ ಪಟ್ಟೆಗಳು ಬಂದಿದ್ದು ಹೀಗೆ. ಕೆಲವು ಸನ್‌ಸ್ಕ್ರೀನ್‌ಗಳಲ್ಲಿರುವ ಅವೊಬೆಂಜೋನ್ ಎಂಬ ಪದಾರ್ಥ ಬಿಸಿಲು ಬಿದ್ದರೆ ತಾನೇ ಒಡೆದು ಶಕ್ತಿ ಕಳೆದುಕೊಳ್ಳುವ ಸ್ವಭಾವದ್ದು ಬೇರೆ.

ನನಗೆ ಸೂಚನೆ ಸಿಕ್ಕಿತ್ತು, ಅದೇ ಇವತ್ತಿಗೂ ನೋವು. ಅವತ್ತು ಟ್ಯೂಬ್ ಒತ್ತಿದಾಗ ಮೊದಲು ನೀರು ಬಂತು. ಆಮೇಲೆ ರವೆಯಂಥ ಸಣ್ಣ ಸಣ್ಣ ಗಂಟು. ವಾಸನೆಯೂ ಒಂಥರಾ ಹಳೇ ಎಣ್ಣೆಯ ಹಾಗೆ. ಚೆನ್ನಾಗಿ ಅಲ್ಲಾಡಿಸಿ ಹಚ್ಚಿಬಿಟ್ಟೆ. ದಯವಿಟ್ಟು ಹಾಗೆ ಮಾಡಬೇಡಿ. ನೀರಾಗಿದ್ದರೆ, ಗಂಟಾಗಿದ್ದರೆ, ಬಣ್ಣ ಅಥವಾ ವಾಸನೆ ಬದಲಾಗಿದ್ದರೆ ತಾರೀಖು ನೋಡುತ್ತಾ ಕೂರಬೇಡಿ, ಎಸೆಯಿರಿ.

ಡಾಕ್ಟರ್ ಇನ್ನೊಂದು ಮಾತು ಹೇಳಿದರು, ಅದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಹಚ್ಚಬೇಕು. ಹಾಗೆ ದಿನಕ್ಕೊಮ್ಮೆ ಹಚ್ಚಿದರೂ 50 ಗ್ರಾಂ ಟ್ಯೂಬ್ ಎರಡು ತಿಂಗಳ ಆಸುಪಾಸಿನಲ್ಲಿ ಖಾಲಿಯಾಗಬೇಕು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನಮ್ಮದು ಇಪ್ಪತ್ತು ತಿಂಗಳು ಬಂದಿದೆ. ಅಂದರೆ ಒಡೆಯುವ ಮೊದಲೂ ನಾವು ಹಚ್ಚುತ್ತಿದ್ದದ್ದು ಚೂರೇ ಚೂರು.

"ಕೊಡಗು ತಂಪು, ಇಲ್ಲೆಲ್ಲಿ ಬಿಸಿಲು" ಎನ್ನುವವರು ನಮ್ಮಲ್ಲಿ ಜಾಸ್ತಿ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರ್‌ಗೂ ಎತ್ತರದಲ್ಲಿದೆ. ಪ್ರತಿ 1,000 ಮೀಟರ್ ಮೇಲೆ ಹೋದಂತೆ ಚರ್ಮ ಸುಡುವ ನೇರಳಾತೀತ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ತಣ್ಣನೆ ಗಾಳಿ ಬೀಸುವಾಗ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ತೆಳು ಮೋಡ ಅದನ್ನು ತಡೆಯುವುದೂ ಕಡಿಮೆ.

ಅಮೆರಿಕದಿಂದ ನೆಂಟರು ತಂದ ಟ್ಯೂಬ್‌ಗಳ ಬಗ್ಗೆಯೂ ಹೇಳಬೇಕು. ಮೂರು ವರ್ಷ ಕೆಡುವುದಿಲ್ಲ ಎಂದು ಪರೀಕ್ಷೆಯಲ್ಲಿ ತೋರಿಸಿದರೆ ಅಲ್ಲಿ ತಾರೀಖು ಹಾಕಲೇಬೇಕೆಂದಿಲ್ಲ. ಹಾಗಾಗಿ ತಾರೀಖಿಲ್ಲದ ಟ್ಯೂಬ್ ಸಿಕ್ಕರೆ, ಕೊಂಡ ದಿನದಿಂದ ಮೂರು ವರ್ಷ ಎಂದು ಲೆಕ್ಕ ಹಿಡಿಯಿರಿ. ಯಾವಾಗ ಕೊಂಡಿದ್ದು ಎಂದು ಅವರನ್ನೇ ಕೇಳಿ.

ಈಗ ನಾವು ಟ್ಯೂಬ್ ತೆರೆದ ದಿನವೇ ಮಾರ್ಕರ್ ಪೆನ್ನಿನಲ್ಲಿ ತಾರೀಖು ಬರೆಯುತ್ತೇವೆ. ಇಡುವುದು ಮಲಗುವ ಕೋಣೆಯ ಬೀರುವಿನಲ್ಲಿ. ಬೂಷ್ಟು ಹೊರಗೆ ಹಿಡಿದರೆ ಒರೆಸಿದರಾಯಿತು, ಮುಚ್ಚಳ ಬಿಗಿಯಾಗಿದ್ದರೆ ಸಾಕು. ಫ್ರೀಜರ್ ಬೇಡ, ಹೆಪ್ಪುಗಟ್ಟಿದರೂ ಒಡೆಯುತ್ತದೆ. ಹೊರಗೆ ಹೋಗುವಾಗ ಟವೆಲ್‌ನಲ್ಲಿ ಸುತ್ತಿ ತಣ್ಣೀರಿನ ಬಾಟಲಿ ಪಕ್ಕ ಬ್ಯಾಗಿನಲ್ಲಿ ಇಡುತ್ತೇನೆ. ಇಳಿಯುವಾಗ ಬ್ಯಾಗ್ ನನ್ನ ಜೊತೆಗೇ ಬರುತ್ತದೆ.

ಮಗಳ ಭುಜದ ಸಿಪ್ಪೆ ಎದ್ದುಹೋಗಿ ಹೊಸ ಚರ್ಮ ಬಂದಿದೆ. ಒಂದೆರಡು ಗೆರೆ ಮಾತ್ರ ಸ್ವಲ್ಪ ಕಪ್ಪಾಗಿ ತುಂಬಾ ದಿನ ಉಳಿದಿತ್ತು. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಈಗ ಟಾರ್ಚ್ ಒಂದೇ ಇದೆ.