ಭಾನುವಾರದ ‘ಪಂಪ್ ಸಿಗ್ನಲ್’ ಗುಂಪಿಗೆ ಸೇರಬೇಡಿ: ಮುಂಬಯಿ ಕನ್ನಡದವರಿಗೆ ಎಚ್ಚರಿಕೆ

ಡೊಂಬಿವಲಿ, ಥಾಣೆ, ಮೀರಾ ರೋಡ್ ಕಡೆ ಕನ್ನಡದವರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಟೆಲಿಗ್ರಾಂ ಲಿಂಕ್ ಓಡಾಡ್ತಿದೆ. ‘ನಮ್ಮೋರಿಗೆ ನಮ್ಮೋರಿಂದಲೇ ಕ್ರಿಪ್ಟೊ ಸಿಗ್ನಲ್, ಭಾನುವಾರ ರಾತ್ರಿ 9ಕ್ಕೆ ಪಂಪ್, ಐದು ಪಟ್ಟು ಗ್ಯಾರಂಟಿ.’ ಸಿಗ್ನಲ್ ಅಂದರೆ ಯಾವ ಕಾಯಿನ್ ಯಾವಾಗ ಕೊಳ್ಳಬೇಕು ಅನ್ನೋ ಸೂಚನೆ, ಪಂಪ್ ಅಂದರೆ ಎಲ್ಲರೂ ಒಟ್ಟಿಗೆ ಕೊಂಡು ಬೆಲೆ ಏರಿಸೋದು. ಸೇರಬೇಡಿ. ಈಗಾಗಲೇ ಸೇರಿದ್ದರೆ ಇನ್ನು ಒಂದು ರೂಪಾಯಿಯನ್ನೂ ಹಾಕಬೇಡಿ. ಹೋಟೆಲ್ ಕ್ಯಾಶಿಯರ್‌ಗಳು, ಕ್ಯಾಂಟೀನ್ ನಡೆಸೋರು, ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗರು, ಎಲ್ಲರೂ ದುಡ್ಡು ಕಳಕೊಂಡಿದ್ದಾರೆ. ಮನೆಯಲ್ಲಿ ಹೇಳೋಕೆ ನಾಚಿಕೆ, ಪೊಲೀಸರ ಹತ್ತಿರ ಹೋಗೋಕೆ ಹೆದರಿಕೆ. ಯಾರೂ ಬಾಯಿ ಬಿಡ್ತಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ಗುಂಪಿನಲ್ಲಿ ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯೋ ಹಾಗಿಲ್ಲ. ಇದೇ ಮೊದಲನೇ ಗುರುತು. ಲಾಭದ ಸ್ಕ್ರೀನ್‌ಶಾಟ್‌ಗಳು ಬರ್ತಾನೇ ಇರುತ್ತವೆ, ಕಳಕೊಂಡವರ ಒಂದು ಮಾತೂ ಕಾಣಲ್ಲ. ವಿಐಪಿ ಫೀಸು ಕಟ್ಟಿದರೆ ಕಾಯಿನ್ ಹೆಸರು 30 ಸೆಕೆಂಡ್ ಮೊದಲೇ ಸಿಗುತ್ತೆ ಅಂತಾರೆ. ವಿಐಪಿಯವರಿಗಿಂತ ಮೊದಲು ‘ಸೂಪರ್ ವಿಐಪಿ’. ಅವರೆಲ್ಲರಿಗಿಂತ ಮೊದಲು ಅಡ್ಮಿನ್. ಅವನು ದಿನಗಳ ಹಿಂದೆಯೇ ಕೊಂಡು ಕೂತಿರುತ್ತಾನೆ. ಪಂಪ್ ಅಂದರೆ ಇಷ್ಟೇ: ಅವನ ಹತ್ತಿರ ಇರೋ ಮಾಲನ್ನು ಕೊಳ್ಳೋಕೆ ಒಂದೇ ನಿಮಿಷದಲ್ಲಿ ನೂರಾರು ಜನರನ್ನ ಸಾಲಿಗೆ ನಿಲ್ಲಿಸೋದು.

ಲೆಕ್ಕ ಹಾಕಿ ನೋಡಿ. ಇಂಥ ಕಾಯಿನ್‌ಗಳು ಸಾಮಾನ್ಯವಾಗಿ ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಇರಲ್ಲ, ಡೆಕ್ಸ್‌ನಲ್ಲಿ (ಮಧ್ಯವರ್ತಿ ಕಂಪನಿ ಇಲ್ಲದೆ ಪ್ರೋಗ್ರಾಂ ಮೂಲಕ ನಡೆಯೋ ಎಕ್ಸ್‌ಚೇಂಜ್) ಒಂದು ಪೂಲ್, ಅಂದರೆ ಕೊಳ್ಳೋಕೆ ಮಾರೋಕೆ ಎರಡು ಬಗೆಯ ಕ್ರಿಪ್ಟೊ ಒಟ್ಟಿಗೆ ಇಟ್ಟ ರಾಶಿ, ಇರುತ್ತೆ ಅಷ್ಟೇ. ಪೂಲ್‌ನಲ್ಲಿ 1 ಕೋಟಿ ಟೋಕನ್ (ಅದೇ ಕಾಯಿನ್), 50,000 ಯುಎಸ್‌ಡಿಟಿ (ಡಾಲರ್ ಬೆಲೆಗೆ ಸರಿಹೊಂದಿಸಿದ ಕ್ರಿಪ್ಟೊ) ಇದೆ ಅಂದುಕೊಳ್ಳಿ. ಬೆಲೆ 0.005. ಎರಡೂ ಕಡೆಯ ಸಂಖ್ಯೆಗಳ ಗುಣಲಬ್ಧ ಬದಲಾಗಬಾರದು ಅನ್ನೋದು ಪೂಲ್‌ನ ನಿಯಮ. ಗುಂಪಿನವರೆಲ್ಲ ಸೇರಿ 10,000 ಯುಎಸ್‌ಡಿಟಿ ಹಾಕಿದರೆ ಸಿಗೋದು ಸುಮಾರು 16.67 ಲಕ್ಷ ಟೋಕನ್, ಸರಾಸರಿ ಬೆಲೆ 0.006. ಪರದೆ ಮೇಲೆ ಮಾತ್ರ 0.0072, ಅಂದರೆ 44% ಏರಿಕೆ. ಬೆಲೆ ಏರಿದ್ದನ್ನ ತೋರಿಸೋ ಹಸಿರು ಕಡ್ಡಿ (ಕ್ಯಾಂಡಲ್) ಉದ್ದಕ್ಕೆ ನಿಂತಿರುತ್ತೆ. ಆಗ ಅಡ್ಮಿನ್ ತನ್ನ 20 ಲಕ್ಷ ಟೋಕನ್ ಸುರಿಯುತ್ತಾನೆ. ಅವನಿಗೆ 11,613 ಯುಎಸ್‌ಡಿಟಿ. ಬೆಲೆ 0.0047ಕ್ಕೆ ಇಳೀತು, ಶುರುವಾದದ್ದಕ್ಕಿಂತ ಕೆಳಗೆ. ಈಗ ಗುಂಪಿನವರೆಲ್ಲ ಮಾರಿದರೆ ಒಟ್ಟು ವಾಪಸ್ ಬರೋದು 6,720. ಫೀಸು ಇದರಲ್ಲಿ ಸೇರಿಲ್ಲ. ಅದೂ ಎಲ್ಲರೂ ಸಮನಾಗಿ ಹಂಚಿಕೊಂಡರೆ. ಮೊದಲು ಮಾರಿದವನಿಗೆ ಒಂದಿಷ್ಟು ಹೆಚ್ಚು ಸಿಗುತ್ತೆ, ಕೊನೆಯವನಿಗೆ ಎಲ್ಲರಿಗಿಂತ ಕಮ್ಮಿ.

ಇದರ ಮೇಲೆ ‘ಸ್ಲಿಪೇಜ್ 25% ಇಡಿ, ಇಲ್ಲಾಂದ್ರೆ ಆರ್ಡರ್ ಹೋಗಲ್ಲ’ ಅಂತ ಪಿನ್ ಮಾಡಿ ಹಾಕಿದ್ದರು. 25% ಇಟ್ಟರೆ ಕಾಣಿಸಿದ ಲೆಕ್ಕಕ್ಕಿಂತ ಕಾಲು ಭಾಗ ಕಮ್ಮಿ ಸಿಕ್ಕರೂ ಸರಿ ಅಂತ ಮೊದಲೇ ಸಹಿ ಹಾಕಿ ಕೊಟ್ಟ ಹಾಗೆ. ಬಾಟ್‌ಗಳು, ಅಂದರೆ ತಾವಾಗೇ ಕೊಂಡು ಮಾರೋ ಪ್ರೋಗ್ರಾಂಗಳು, ಕಾಯ್ತಿರೋದೇ ಇದಕ್ಕೆ. ನಿಮ್ಮ ಆರ್ಡರ್‌ನ ಮುಂದೆ ಅವು ಕೊಳ್ಳುತ್ತವೆ, ನಿಮ್ಮಿಂದ ಬೆಲೆ ಏರಿಸಿಕೊಂಡು ಹಿಂದೆಯೇ ಮಾರುತ್ತವೆ.

ಕಳೆದ ಭಾನುವಾರ ರಾತ್ರಿ 9 ಗಂಟೆಗೆ ಕಾಯಿನ್ ಹೆಸರು ಬಂತು. ಬಿಎಸ್‌ಸಿ ಸ್ಕ್ಯಾನ್ (ಆ ಬ್ಲಾಕ್‌ಚೈನ್‌ನ ಎಲ್ಲ ವಹಿವಾಟು ಯಾರು ಬೇಕಾದರೂ ನೋಡಬಹುದಾದ ವೆಬ್‌ಸೈಟ್) ತೆರೆದು ಆ ಟೋಕನ್‌ನ ವಹಿವಾಟು ನೋಡಿದರೆ ಎಲ್ಲ ಬಯಲು. ಗುಂಪಿನವರು ಇನ್ನೂ ಕಾಂಟ್ರ್ಯಾಕ್ಟ್ (ಟೋಕನ್ ನಡೆಸೋ ಪ್ರೋಗ್ರಾಂ) ಅಡ್ರೆಸ್ ಕಾಪಿ ಮಾಡ್ತಿದ್ದಾಗಲೇ ಒಂದೊಂದೇ ವಾಲೆಟ್‌ನಿಂದ (ಕ್ರಿಪ್ಟೊ ಇಡೋ ಖಾತೆ) ಮಾರಾಟ ಶುರುವಾಗಿದೆ. ಅಷ್ಟೂ ವಾಲೆಟ್‌ಗಳಿಗೆ ಟೋಕನ್ ಬಂದಿರೋದು ಒಂದೇ ಅಡ್ರೆಸ್‌ನಿಂದ. ಗ್ಯಾಸ್‌ಗೆ, ಅಂದರೆ ವಹಿವಾಟಿನ ಶುಲ್ಕಕ್ಕೆ, ಬಿಎನ್‌ಬಿ (ಆ ಶುಲ್ಕ ಕಟ್ಟೋ ಕಾಯಿನ್) ಕಳಿಸಿರೋದೂ ಅದೇ ಅಡ್ರೆಸ್. ವಿಐಪಿ ಫೀಸಿನ ಯುಎಸ್‌ಡಿಟಿ ಹಾಕಿ ಅಂತ ಗುಂಪಿನಲ್ಲಿ ಕೊಟ್ಟಿದ್ದೂ, ಕೇಳಿ, ಅದೇ ಅಡ್ರೆಸ್! ಬಚ್ಚಿಡೋ ಕಷ್ಟವನ್ನೂ ತಗೊಂಡಿಲ್ಲ. ಯಾರೂ ನೋಡಲ್ಲ ಅನ್ನೋ ಧೈರ್ಯ ಅದು. ಇದನ್ನ ನೋಡಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಅಡ್ಮಿನ್‌ನನ್ನ ಕೇಳಿದವರಿಗೆ ಅವನಿಂದ ಬಂದ ಉತ್ತರ ನೋಡಿ. ಮೊದಲು: ‘ಅಣ್ಣಾ, ನಾನೂ ಲಾಸಲ್ಲೇ ಇದೀನಿ.’ ಆಮೇಲೆ: ‘ಹೆದರಿ ಮಾರಿದವರಿಂದ ಡಂಪ್ ಆಯ್ತು, ಎರಡನೇ ವೇವ್ ಬರುತ್ತೆ, ಹೋಲ್ಡ್ ಮಾಡಿ, ಇನ್ನೊಂದಿಷ್ಟು ಹಾಕಿ ಆವರೇಜ್ ಮಾಡಿ.’ ಕಳಕೊಂಡವರದ್ದೇ ತಪ್ಪಂತೆ! ಆವರೇಜ್ ಮಾಡಿ, ಅಂದರೆ ಇಳಿದ ಬೆಲೆಗೆ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಿ, ಅಂದದ್ದು ಯಾಕೆ ಗೊತ್ತಾ? ಆ ವಾಲೆಟ್‌ಗಳಲ್ಲಿ ಇನ್ನೂ ಮಾರೋಕೆ ಟೋಕನ್ ಉಳಿದಿತ್ತು. ವಾಲೆಟ್ ಲಿಂಕ್ ಮುಂದಿಟ್ಟು ಕೇಳಿದ್ದಕ್ಕೆ: ‘ಅದು ಮಾರ್ಕೆಟ್ ಮೇಕರ್ ವಾಲೆಟ್, ನಿಮಗೆ ಗೊತ್ತಾಗಲ್ಲ ಬಿಡಿ.’ (ಮಾರ್ಕೆಟ್ ಮೇಕರ್ ಅಂದರೆ ಕೊಳ್ಳೋಕೂ ಮಾರೋಕೂ ಸದಾ ಸಿದ್ಧ ಇರೋ ವ್ಯಾಪಾರಿ.) ಕೊನೆಗೆ ಖಾಸಗಿಯಾಗಿ: ‘ನಾವೆಲ್ಲ ಒಂದೇ ಊರ ಕಡೆಯೋರು. ಸುಮ್ನೆ ಇರಿ, ಮುಂದಿನ ಪಂಪ್‌ಗೆ ನಿಮಗೆ ಸೂಪರ್ ವಿಐಪಿ ಫ್ರೀ.’ ಅಂದರೆ ನಮ್ಮೋರನ್ನೇ ಮುಳುಗಿಸೋಕೆ ಪಾಲುದಾರರಾಗಿ ಅಂತ. ಒಪ್ಪದೇ ಇದ್ದಾಗ ಗುಂಪಿನಿಂದ ಹೊರಗೆ.

ಇನ್ನೂ ಕೆಟ್ಟದ್ದು ಇದೆ. ಕೆಲವು ಟೋಕನ್ ಕೊಳ್ಳಬಹುದು, ಮಾರೋಕೆ ಆಗಲ್ಲ, ಕಾಂಟ್ರ್ಯಾಕ್ಟ್ ಬರೆದಿರೋದೇ ಹಾಗೆ. 2021ರ ನವೆಂಬರ್‌ನಲ್ಲಿ ಸ್ಕ್ವಿಡ್ ಅನ್ನೋ ಕಾಯಿನ್ 2,800 ಡಾಲರ್ ದಾಟಿ ನಿಮಿಷಗಳಲ್ಲಿ ಸೊನ್ನೆ ಹತ್ತಿರ ಬಿತ್ತಲ್ಲ, ಕೊಂಡವರಿಗೆ ಮಾರೋ ದಾರಿಯೇ ಇರಲಿಲ್ಲ. ಏನಾದರೂ ಕೊಳ್ಳಲೇಬೇಕು ಅಂದರೆ ಮೊದಲು ಸಣ್ಣ ಮೊತ್ತ ಕೊಂಡು, ಮಾರಿ ನೋಡಿ. ಹಾಗೆ ಮಾರೋಕೆ ಆಯ್ತು ಅಂತಾನೂ ಪೂರ್ತಿ ನಂಬಬೇಡಿ, ಕಾಂಟ್ರ್ಯಾಕ್ಟ್ ಮಾಲೀಕನಿಗೆ ಅಧಿಕಾರ ಇದ್ದರೆ ಆಮೇಲೂ ತಡೆಯಬಹುದು. ಹೋಲ್ಡರ್ಸ್ ಪಟ್ಟಿ ತೆರೆದು ಹೆಚ್ಚಿನ ಟೋಕನ್ ಕೆಲವೇ ವಾಲೆಟ್‌ಗಳಲ್ಲಿ ಇದೆಯಾ ನೋಡಿ. ಲಿಕ್ವಿಡಿಟಿ (ಪೂಲ್‌ಗೆ ಹಾಕಿಟ್ಟ ಯುಎಸ್‌ಡಿಟಿ, ಟೋಕನ್) ಹಿಂದಕ್ಕೆ ತೆಗೆಯದ ಹಾಗೆ ಲಾಕ್ ಆಗಿದೆಯಾ, ಎಷ್ಟು ದಿನಕ್ಕೆ, ನೋಡಿ. ಲಾಕ್ ಇಲ್ಲದಿದ್ದರೆ ಪೂಲ್‌ನ ಯುಎಸ್‌ಡಿಟಿಯನ್ನೇ ಎತ್ತಿಕೊಂಡು ಹೋಗ್ತಾರೆ.

ತೆರಿಗೆ ಬೇರೆ. 2022ರ ಏಪ್ರಿಲ್ 1ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ, ಒಂದು ಕಾಯಿನ್‌ನ ನಷ್ಟವನ್ನ ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಬಿಟ್‌ಕಾಯಿನ್‌ನಲ್ಲಿ 50,000 ರೂಪಾಯಿ ಲಾಭ, ಈ ಪಂಪ್‌ನಲ್ಲಿ 50,000 ನಷ್ಟ ಅಂದರೆ ಕೈಗೆ ಸೊನ್ನೆ, ಆದರೂ ತೆರಿಗೆ 15,000, ಅದರ ಮೇಲೆ 4% ಸೆಸ್ 600. ಅಡ್ಮಿನ್ ಇದನ್ನ ಯಾರಿಗೂ ಹೇಳಲಿಲ್ಲ.

ದುಡ್ಡು ಹೋಗಿದ್ದರೆ ತಡ ಮಾಡಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿ. ಯುಪಿಐನಲ್ಲಿ ಕಟ್ಟಿದ್ದರೆ ಯುಟಿಆರ್ ನಂಬರ್ (ಪಾವತಿಯ ಗುರುತು ಸಂಖ್ಯೆ), ಬ್ಲಾಕ್‌ಚೈನ್ ಮೇಲಿನ ಟ್ರಾನ್ಸಾಕ್ಷನ್ ಹ್ಯಾಶ್ (ಆ ವಹಿವಾಟಿನ ಗುರುತು), ವಾಲೆಟ್ ಅಡ್ರೆಸ್‌ಗಳು, ಅಡ್ಮಿನ್‌ನ ಯೂಸರ್‌ನೇಮ್ ಎಲ್ಲ ಮೊದಲೇ ಬರೆದಿಟ್ಟುಕೊಳ್ಳಿ. ಅಡ್ಮಿನ್ ಮೆಸೇಜು ಅಳಿಸಿದರೆ ನಿಮ್ಮ ಫೋನಿನಲ್ಲೂ ಹೋಗುತ್ತೆ. ಸೇವ್ ಮಾಡೋದನ್ನ ಅವನು ತಡೆದಿದ್ದರೆ ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್‌ಶಾಟ್ ಬರಲ್ಲ. ಮನೆಯಲ್ಲಿರೋ ಇನ್ನೊಂದು ಫೋನ್‌ನಿಂದ ಪರದೆಯ ಫೋಟೊ ತೆಗೆಯಿರಿ, ದಿನಾಂಕ, ಗಂಟೆ ಕಾಣೋ ಹಾಗೆ. ‘ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಜಿಎಸ್‌ಟಿ ಕಟ್ಟಿ’ ಅಂತ ಮೆಸೇಜ್ ಬಂದರೆ ಉತ್ತರವನ್ನೇ ಕೊಡಬೇಡಿ, ಅದೂ ಇಂಥವರದ್ದೇ ಕೆಲಸ. ಕಳಕೊಂಡವರ ಪಟ್ಟಿ ಅವರ ಹತ್ತಿರಾನೇ ಇರುತ್ತೆ.

ಆ ಅಡ್ರೆಸ್‌ನಿಂದ ನಿನ್ನೆ ಮತ್ತೆ ಬಿಎನ್‌ಬಿ ಹೊರಟಿದೆ, ಹೊಸ ವಾಲೆಟ್‌ಗಳಿಗೆ. ಹೊಸ ಹೆಸರಿನ ಗುಂಪು ಆಗಲೇ ಶುರುವಾಗಿದೆ. ಫೋಟೊದಲ್ಲಿ ಈ ಸಲ ಯಕ್ಷಗಾನದ ಕಿರೀಟ. ಲಿಂಕ್ ಬಂದರೆ ಮುಂದಕ್ಕೆ ಕಳಿಸಬೇಡಿ, ಟೆಲಿಗ್ರಾಂನಲ್ಲಿ ರಿಪೋರ್ಟ್ ಒತ್ತಿ, ಕಳಿಸಿದವರಿಗೆ ಫೋನ್ ಮಾಡಿ ಹೇಳಿ. ಭಾನುವಾರ 9 ಗಂಟೆಯ ಒಳಗೇ ಹೇಳಿ.